ಏಳೇಳು ಕಳೆಯುವ ಲೆಕ್ಕ

2025ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದ ಹದಿಮೂರರ ಹುಡುಗನೊಬ್ಬ ಕಾಬೂಲಿನಿಂದ ಹೊರಟ ವಿಮಾನದ ಚಕ್ರದ ಗೂಡಿನಲ್ಲಿ ಅಡಗಿ ಕೂತು ದೆಹಲಿಗೆ ಜೀವಂತ ಬಂದಿಳಿದ. ಪೇಪರ್ ಹಿಡಿದುಕೊಂಡೇ ಬಂದ ಪಕ್ಕದ ಮನೆಯವರು ಕೇಳಿದರು: "ನೀವು ವಿಮಾನದಲ್ಲಿ ದುಡಿದವರು, ಅವನು ಬದುಕಿದ್ದು ಹೇಗ್ರೀ?"

ನಾನು ವಾಯುಪಡೆಯ ಸರಕು ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದವನು. ಆ ಗೂಡಿನೊಳಗೆ ತಲೆ ತೂರಿಸಿ ಹೈಡ್ರಾಲಿಕ್ ಪೈಪುಗಳ ಸೋರಿಕೆ ನೋಡಿದ್ದಕ್ಕೆ ಲೆಕ್ಕವಿಲ್ಲ. ಚಕ್ರ ಮಡಚಿ ಒಳಬಂದರೆ ಮನುಷ್ಯನಿಗೆ ಉಳಿಯುವುದು ಮೂಲೆಯಷ್ಟು ಜಾಗ. ಅಲ್ಲಿ ಕ್ಯಾಬಿನ್ನಿನ ಒತ್ತಡವೂ ಇಲ್ಲ, ಹೀಟರೂ ಇಲ್ಲ.

ತೆಳುಗಾಳಿಯ ರುಚಿ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲೇ, ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನ ಆಲ್ಟಿಟ್ಯೂಡ್ ಚೇಂಬರಿನಲ್ಲಿ, ಅಂದರೆ ಗಾಳಿ ಹೀರಿ ಎತ್ತರದ ತೆಳುಗಾಳಿಯನ್ನು ನೆಲದ ಮೇಲೇ ತರುವ ಮುಚ್ಚಿದ ಕೋಣೆಯಲ್ಲಿ. ರಕ್ತದಲ್ಲಿನ ನೈಟ್ರೋಜನ್ ಹೋಗಲೆಂದು ಮೊದಲು ಶುದ್ಧ ಆಮ್ಲಜನಕ ಎಳೆದುಕೊಂಡೆವು. ಆಮೇಲೆ ಪಂಪು ಗಾಳಿ ಹೀರತೊಡಗಿತು. ಮೇಲೇರಿದಂತೆ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಹಿಂದಿನ ರಾತ್ರಿ ಅವರೆಕಾಳು ಸಾರು ಬಾರಿಸಿದ್ದವನ ಪಾಡು ಇಲ್ಲಿ ಬೇಡ.

25,000 ಅಡಿಯ ಒತ್ತಡಕ್ಕೆ ಬಂದಾಗ ಮಾಸ್ಕ್ ತೆಗೆಸಿದರು. ಕೆಲಸ ಇಷ್ಟೇ, ನೂರರಿಂದ ಏಳೇಳು ಕಳೆಯುತ್ತ ಬರೆಯಬೇಕು. ಉಸಿರು ಕಟ್ಟಿ ಒದ್ದಾಡುತ್ತೇನೆ ಅಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಬೆರಳ ತುದಿ ಜುಮ್ಮೆಂದಿತು, ಉಗುರು ನೀಲಿಗಟ್ಟಿತು. ಜತೆಗೆ ಕಾರಣವಿಲ್ಲದ ಒಂದು ಖುಷಿ, ಮದುವೆ ಮನೆಯಲ್ಲಿ ಊಟ ಮುಗಿಸಿ ಕಂಬಕ್ಕೆ ಒರಗಿ ಕೂತ ಹಾಗೆ. ಸ್ವಲ್ಪ ಹೊತ್ತಿಗೆ "ಮಾಸ್ಕ್ ಹಾಕಿಕೋ" ಅಂದರಂತೆ. ನಾನು ಹಲ್ಲು ಕಿರಿಯುತ್ತ ಕೂತಿದ್ದೆನಂತೆ. ಪಕ್ಕದವನೇ ನನ್ನ ಮೂತಿಗೆ ಮಾಸ್ಕ್ ಒತ್ತಿದ. ಎರಡು ಉಸಿರು ಎಳೆದದ್ದೇ ಬಲ್ಬು ಫಳ್ಳನೆ ಬೆಳಗಿತು. ಅದು ಮಂಕಾಗಿತ್ತು ಅನ್ನೋದೇ ನನಗೆ ಆಗ ತಿಳಿದದ್ದು.

ಇದು 25,000 ಅಡಿಯ ಮಾತು, ಅಲ್ಲಿ ಮೂರರಿಂದ ಐದು ನಿಮಿಷ ಬುದ್ಧಿ ನೆಟ್ಟಗಿರುತ್ತದೆ. ಪ್ರಯಾಣಿಕ ವಿಮಾನಗಳು ಹಾರುವ 35,000 ಅಡಿಯಲ್ಲಿ ಅರ್ಧದಿಂದ ಒಂದು ನಿಮಿಷ. ಹೊರಗೆ ಸುಮಾರು ಮೈನಸ್ 54 ಡಿಗ್ರಿ. ಲೇಹ್‌ನಲ್ಲಿ ಒಂದು ಜನವರಿ ಬೆಳಿಗ್ಗೆ ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದು, ಬಿಡಿಸಿಕೊಳ್ಳುವಾಗ ಹೆಬ್ಬೆರಳ ಚರ್ಮ ಅದಕ್ಕೇ ಕೊಟ್ಟು ಬಂದವನು ನಾನು. ಅದು ಇದರ ಅರ್ಧ ಚಳಿಯೂ ಅಲ್ಲ.

ಹಾಗಿದ್ದೂ ಕೆಲವರು ಬದುಕುತ್ತಾರೆ. ಹೊರಟ ಹೊಸತರಲ್ಲಿ ಟೈರು, ಹೈಡ್ರಾಲಿಕ್ ಪೈಪುಗಳ ಬಿಸಿ ಒಂದಿಷ್ಟು ಹೊತ್ತು ಕಾಯುತ್ತದೆ. ಅಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ಮೈ ತಣ್ಣಗಾದಷ್ಟೂ ಮಿದುಳು ಕೇಳುವ ಆಮ್ಲಜನಕ ಕಡಿಮೆಯಾಗುತ್ತದೆ. ವಿಮಾನ ಇಳಿಯುವಾಗ ಗಾಳಿಯೂ ಬಿಸುಪೂ ನಿಧಾನಕ್ಕೆ ಮರಳುತ್ತವೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮುಗಿಯಿತು. 1996ರಲ್ಲಿ ದೆಹಲಿಯಿಂದ ಲಂಡನ್‌ಗೆ ಹೀಗೇ ಹೋದ ಪಂಜಾಬಿನ ಅಣ್ಣತಮ್ಮಂದಿರಲ್ಲಿ ಒಬ್ಬ ಉಳಿದ, ಇನ್ನೊಬ್ಬ ಉಳಿಯಲಿಲ್ಲ. ವಿಮಾನ ಅದೇ, ಹತ್ತು ಗಂಟೆಯ ಹಾದಿ ಅದೇ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಲೆಕ್ಕದಲ್ಲಿ 1947ರಿಂದ 2015ರವರೆಗೆ ಹೀಗೆ ಅಡಗಿ ಹೋದ 113 ಮಂದಿಯಲ್ಲಿ 86 ಮಂದಿ ಸತ್ತಿದ್ದಾರೆ. ಉಳಿದವರದ್ದು ಉಪಾಯವೂ ಅಲ್ಲ, ಗಟ್ಟಿತನವೂ ಅಲ್ಲ ಅಂತ ನನಗನ್ನಿಸುತ್ತದೆ.

ಪಕ್ಕದ ಮನೆಯವರಿಗೆ ಇಷ್ಟೆಲ್ಲ ಹೇಳಿ, ಟ್ರಂಕಿನಿಂದ ಚೇಂಬರಿನ ಆ ಹಾಳೆ ತೆಗೆದು ತೋರಿಸಿದೆ. 93, 86, 79, 72, 65, 65, 65, ಆಮೇಲೆ ಕೋಳಿ ಕೆದಕಿದ ಹಾಗೆ ಗೀಟು. "ಎಲ್ಲ ಸರಿಯಾಗೇ ಬರೆದಿದ್ದೀನಿ ಸರ್" ಎಂದು ಅವತ್ತು ವಾದಕ್ಕೆ ನಿಂತಿದ್ದೆ.

ಅವರು ಕನ್ನಡಕ ಏರಿಸಿ ನೋಡಿ, "ಮೊಮ್ಮಗ ಬರೆದಿದ್ದಾ?" ಅಂದರು.