ಪ್ರಶ್ನಾವಳಿ ಬಿಟ್ಟು ಜಗಲಿಯಲ್ಲಿ ಕೂತೆವು

"ಇದು ಸಂಶೋಧನೆಯಾ ಮೇಡಂ, ಇಲ್ಲ ಊರು ಸುತ್ತುವುದಾ?" ಅಂತ ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಕೇಳಿಸಿಕೊಂಡವಳು ನಾನು. ಈಗ ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದದ್ದು.

ಪೂರ್ವ ಪ್ರಾಥಮಿಕ ಶಿಕ್ಷಕಿಯರ ತರಬೇತಿಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಪ್ರಶ್ನೆ ಸಣ್ಣದು. ಉಡುಪಿ ಹತ್ತಿರದ ಮೀನುಗಾರಿಕೆ ಬಂದರು ಮಲ್ಪೆ ಕಡೆ ಅಂಗನವಾಡಿಗೆ ಬರುವ ನಾಲ್ಕೈದು ವರ್ಷದ ಮಕ್ಕಳು ಮನೆಯಲ್ಲಿ ಏನೇನು ಎಣಿಸುತ್ತಾರೆ, ಯಾವ ಭಾಷೆಯಲ್ಲಿ? ವಿದ್ಯಾರ್ಥಿನಿಯರೇ ಮನೆಯವರ ಜೊತೆ ಸೇರಿ ಅದನ್ನು ಹುಡುಕಬೇಕು, ಅದರಿಂದಲೇ ಪಾಠ ಮಾಡಬೇಕು.

ಮೊದಲ ವರ್ಷ ಪೂರ್ತಿ ನಷ್ಟ. ನಾಲ್ಕು ಪುಟದ ಪ್ರಶ್ನಾವಳಿ, ಇನ್ನೂರು ಪ್ರತಿ. ಜೆರಾಕ್ಸ್, ಆಟೋ ಬಾಡಿಗೆ ಎಲ್ಲ ಸೇರಿ ಐದು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು. ರೇಷನ್ ಕಾರ್ಡ್ ರದ್ದು ಮಾಡಲು ಬಂದವರು ಅಂತ ಅರ್ಧ ಮನೆಯವರು ಬಾಗಿಲಲ್ಲೇ ಮಾತು ಮುಗಿಸಿದರು. ಮಗುವಿನ ಜೊತೆ ದಿನಕ್ಕೆ ಎಷ್ಟು ಹೊತ್ತು ಸಂಖ್ಯೆಯ ಆಟ ಆಡುತ್ತೀರಿ ಅಂದರೆ ಉಳಿದವರದು ಒಂದೇ ಉತ್ತರ, "ಒಂದು ಗಂಟೆ". ಅಷ್ಟೂ ಕಾಗದ ಗುಜರಿಗೆ ಹೋಯಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ನೋಡಿದರೆ ಮಕ್ಕಳು ಕಾರ್ಟೂನ್ ಹಾಕಿ ಅಂತ ಹಠ ಹಿಡಿದವು.

ದಾರಿ ಸಿಕ್ಕಿದ್ದು ಹೊತ್ತು ಬದಲಾಯಿಸಿದಾಗ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮೀನು ಮಾರುವ ಅಮ್ಮಂದಿರು ಮನೆಯಲ್ಲಿ ಇರುತ್ತಾರಾ? ಸಂಜೆ ನಾಲ್ಕರ ಮೇಲೆ ಹೋಗಿ, ಬೀಡಿ ಕಟ್ಟುವ ಅಜ್ಜಿಯ ಪಕ್ಕ ಜಗಲಿಯಲ್ಲಿ ಸುಮ್ನೆ ಕೂತೆವು. ತಿಂಗಳೂ ಮುಖ್ಯ. ಜೂನ್ 1ರಿಂದ ಜುಲೈ 31ರ ತನಕ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯದ 61 ದಿನ, ಅಪ್ಪಂದಿರೂ ಸಿಗುತ್ತಾರೆ. ಮಳೆಗೆ ಪುಸ್ತಕ ಒದ್ದೆಯಾಗುತ್ತದೆ, ಆದರೆ ಮಾತು ಸಿಗುವುದು ಆಗಲೇ.

ತುಳು ಬರುವ ಒಬ್ಬಳು, ಘಟ್ಟದ ಮೇಲಿನ ಒಬ್ಬಳು, ಹೀಗೆ ಜೋಡಿ ಮಾಡಿದ್ದೆ. ಕೆಲಸಕ್ಕೆ ಬಂದವಳು ತುಳು ಬಾರದವಳೇ! ಅವಳು ಒಂಜಿ, ರಡ್ಡ್, ಮೂಜಿ ಅಂತ ತಡವರಿಸುವಾಗ, ಅಂಗನವಾಡಿಯಲ್ಲಿ ಬಾಯೇ ಬಿಡದ ಹುಡುಗ ಅವಳನ್ನು ತಿದ್ದುತ್ತಾ ಹದಿನೈದರ ತನಕ ಹೋದ. ಅವನ ಅಜ್ಜಿ 25ರ ಕಟ್ಟು ಮಾಡುವಾಗ ಐದೈದೇ ಬೀಡಿ ಎಳೆದುಕೊಳ್ಳುತ್ತಿದ್ದರು. ಇವನೂ ಹಾಗೆಯೇ. ಐದರ ಗುಂಪನ್ನು ನಾವು ಒಂದನೇ ಕ್ಲಾಸಿಗೆ ಅಂತ ಎತ್ತಿಟ್ಟಿದ್ದೆವು.

ಒಬ್ಬಳು ಉತ್ಸಾಹದಲ್ಲಿ ಅಂಗನವಾಡಿಗೆ ಬೀಡಿ ಕಟ್ಟನ್ನೇ ತಂದಳು. ಬೈಸಿಕೊಂಡೆವು, ಸರಿಯಾಗಿಯೇ. ಹೊಗೆಸೊಪ್ಪು ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ಆಮೇಲೆ ತೆಂಗಿನ ಗರಿಯ ಕಡ್ಡಿ ತುಂಡು ಮಾಡಿ ನೂಲು ಸುತ್ತಿದೆವು.

ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು ಬಂದಾಗ, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯನ್ನೂ ನೋಡಿದೆವು. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ, ಎಣಿಕೆಗೆ ಎಷ್ಟು ಚಂದ ಅಲ್ವಾ? ಮೂರನೇ ದಿನ ಒಂದು ಮಂಜೊಟ್ಟಿ, ಕಾಯಿಯಾಗಿ ಇಟ್ಟ ಕೆಂಪು ಬೀಜ, ಒಬ್ಬನ ಮೂಗಿನೊಳಗೆ! ಡಾಕ್ಟರ್ ಫೀಸು ನಾನೇ ಕೊಟ್ಟೆ. ಗುಲಗಂಜಿಯಂತೂ ವಿಷ, ಹತ್ತಿರವೇ ತರಬೇಡಿ. ಈಗ ನೆಲದಲ್ಲಿ ಸೀಮೆಸುಣ್ಣದ ವೃತ್ತ, ಕಾಯಿಯ ಬದಲು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು. ಪುಕ್ಕಟೆ ಸಿಗುತ್ತದೆ. ಎರಡು ಸಲ ಕುದಿಸದಿದ್ದರೆ ಮಾತ್ರ ಕೋಣೆಯಲ್ಲಿ ಕೂರಲಿಕ್ಕಾಗದು.

ಬರೆದದ್ದನ್ನು ತಾಯಂದಿರ ಸಭೆಯಲ್ಲಿ ಓದಿದೆವು. ಬೂತಾಯಿ ಮೀನು ಎಣಿಸುವ ಮಗು ಅಂತ ನಾವು ಬರೆದದ್ದಕ್ಕೆ ಒಬ್ಬರು ನಕ್ಕರು. "ಅದು ಎಣಿಸುದಲ್ಲ ಟೀಚರ್, ಅವ ಪಾಲು ಮಾಡುದು. ಅಪ್ಪನಿಗೊಂದು, ಅಜ್ಜಿಗೊಂದು." ಆ ಒಂದು ಮಾತಿಗೆ ನಮ್ಮ ಅರ್ಧ ಪಟ್ಟಿ ಬದಲಾಯಿತು. ಯಾವ ಪ್ರಶ್ನಾವಳಿಯಲ್ಲಿ ಸಿಗುತ್ತಿತ್ತು ಇದು?

ಈ ಸಲ ಇಪ್ಪತ್ತೆರಡು ವಿದ್ಯಾರ್ಥಿನಿಯರು, ಮೂವತ್ತರ ಹತ್ತಿರ ಮನೆ. ಖರ್ಚು ಎರಡೂವರೆ ಸಾವಿರ, ಜಾಸ್ತಿ ಬಸ್ಸಿಗೇ. ಮೊದಲ ದಿನ ಜಗಲಿ ಹತ್ತುವಾಗ ಏನು ಹೇಳಬೇಕು ಅನ್ನುವುದಕ್ಕೆ ನನ್ನದೊಂದು ವಾಕ್ಯ ಉಂಟು. ಅದು ನನ್ನ ಬ್ಯಾಚಿಗೆ ಮಾತ್ರ.

ಊರು ಸುತ್ತುವುದಾ ಅಂತ ಕೇಳಿದವರೇ ಮೊನ್ನೆ ತಮ್ಮ ಬ್ಯಾಚಿಗೆ ಒಂದು ಚೀಲ ಚಿಪ್ಪು ಕೇಳಿದರು. ಕೊಟ್ಟೆ. ಕುದಿಸಿರಲಿಲ್ಲ.