ಕೌಂಟೆಸ್ ಬಾಯಲ್ಲಿ ‘ಬಾರಮ್ಮ’

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಬಳಗವಿದೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ತಾರಸಿಯಲ್ಲಿ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ಹಳೆಯ ಚಿತ್ರ ನೋಡುತ್ತೇವೆ. ಕನ್ನಡದಲ್ಲಿ ಸಬ್‌ಟೈಟಲ್ ಬರೆಯುವುದು ನನ್ನ ಪಾಲಿನ ಕೆಲಸ. ‘ಡ್ರಾಕುಲಾಸ್ ಡಾಟರ್’ 71 ನಿಮಿಷದ್ದು, ಮೂರು ಸಂಜೆ ಸಾಕು ಅಂದುಕೊಂಡೆ. ಮೂರು ವಾರ ಹಿಡಿಯಿತು.

ಅದು 1936ರ ಚಿತ್ರ. ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾಗಿ ಜಾರಿಗೆ ಬಂದು ಎರಡು ವರ್ಷವಾಗಿತ್ತು. ಸಲಿಂಗಪ್ರೇಮವನ್ನು ಸೂಚಿಸುವುದೂ ನಿಷಿದ್ಧ. ಆದರೂ ಡ್ರಾಕುಲಾನ ಮಗಳು, ಅವನಂತೆಯೇ ರಕ್ತ ಹೀರುವ ಕೌಂಟೆಸ್ ಜಲೆಸ್ಕಾ ಚಿತ್ರ ಬರೆಯುವ ನೆಪದಲ್ಲಿ ಲಿಲಿ ಎಂಬ ಬಡ ಹುಡುಗಿಯನ್ನು ಕರೆಸಿಕೊಳ್ಳುತ್ತಾಳೆ. ಹೆಗಲ ಪಟ್ಟಿ ಜಾರಿಸಲು ಹೇಳುತ್ತಾಳೆ, ಆಮೇಲೆ ನೋಡುತ್ತಾಳೆ. ಏಕೆ ಹಾಗೆ ನೋಡುತ್ತೀರಿ ಎಂದು ಹುಡುಗಿಯೇ ಕೇಳಬೇಕಾಗುತ್ತದೆ. ಸೆನ್ಸಾರಿಗೆ ಸಿಗದಂಥದ್ದೆಲ್ಲ ನಟಿ ಗ್ಲೋರಿಯಾ ಹೋಲ್ಡನ್ ಕಣ್ಣಿನಲ್ಲಿದೆ.

ಇಂಗ್ಲಿಷಿನ ‘ಯೂ’ ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುತ್ತದೆ. ಕನ್ನಡದಲ್ಲಿ ‘ನೀನು’ ಅನ್ನಬೇಕು, ಇಲ್ಲವೇ ‘ನೀವು’ ಅನ್ನಬೇಕು. ಸರ್ವನಾಮ ಬಿಟ್ಟರೂ ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ನಾನು ಮೊದಲು ಬರೆದದ್ದು ‘ಬಾರಮ್ಮ, ಬೆಳಕಿಗೆ ಬಾ’ ಎಂದು. ಚಿಕ್ಕವಳನ್ನು ದೊಡ್ಡವರು ಹಾಗೆ ತಾನೇ ಕರೆಯುವುದು? ಪರೀಕ್ಷೆಗೆಂದು ತೋರಿಸಿದಾಗ ಬಳಗದ ನಿವೃತ್ತ ಮೇಷ್ಟ್ರೊಬ್ಬರು, “ಪಾಪ, ಒಳ್ಳೆಯ ಹೆಂಗಸು. ಮಗಳ ಹಾಗೆ ನೋಡಿಕೊಳ್ಳುತ್ತಾಳಲ್ಲ!” ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣು ನಾನು. ನನ್ನ ಗೆಳತಿಯನ್ನು ಮನೆಗೆ ಬಂದವರಿಗೆ ಎಷ್ಟೋ ವರ್ಷ ‘ತಂಗಿ ಇದ್ದ ಹಾಗೆ’ ಎಂದೇ ಪರಿಚಯಿಸಿದ್ದೇನೆ. ಅದೇ ಚಾಳಿ ಕೈಗೂ ಇಳಿದಿತ್ತು.

‘ಅಮ್ಮ’ ತೆಗೆದು ಬರಿಯ ‘ನೀನು’ ಇಟ್ಟರೂ ಕೆಲಸವಾಗಲಿಲ್ಲ. ಸಿರಿವಂತೆಯೊಬ್ಬಳು ಬಡ ಹುಡುಗಿಯನ್ನು ಏಕವಚನದಲ್ಲಿ ಮಾತನಾಡಿಸಿದರೆ ನಮ್ಮವರಿಗೆ ಅದು ಆಪ್ತತೆಯಾಗಿ ಕೇಳುವುದಿಲ್ಲ, ದರ್ಪವಾಗಿ ಕೇಳುತ್ತದೆ. ಕೊನೆಗೆ ತಿರುಗಿಸಿ ಹಾಕಿದೆ. ಮೊದಲ ಸಾಲುಗಳಲ್ಲಿ ಸಂಬೋಧನೆಯೇ ಇಲ್ಲ: ‘ಇಲ್ಲಿ ನಿಂತರೆ ಸಾಕು.’ ನಂತರ ‘ನೀವು’. ಬೀದಿಯಿಂದ ಬಂದವಳಿಗೆ ಈ ಮರ್ಯಾದೆ ಏಕೆ ಎಂದು ನೋಡುವವರ ಕಿವಿ ನೆಟ್ಟಗಾಗಬೇಕು. ಕೌಂಟೆಸ್ ಕೈಯ ವಶೀಕರಣದ ಉಂಗುರದ ಹೊಳಪಿನಲ್ಲಿ ಲಿಲಿ ಮಂಕಾಗುವ ಹೊತ್ತಿಗೆ, ಒಂದೇ ಸಲ, ‘ನೀನು’. ಆಮೇಲೆ ಲಿಲಿಯ ಚೀರಾಟ, ಕ್ಯಾಮೆರಾ ಮೇಲೇರಿ ಗೋಡೆಯ ಮುಖವಾಡದ ಮೇಲೆ ನಿಲ್ಲುತ್ತದೆ. ಅಲ್ಲಿ ನನಗೆ ಕೆಲಸವಿಲ್ಲ.

ಇನ್ನೊಂದು ಮುಳ್ಳು ಚಿತ್ರದ ಮನೋವೈದ್ಯನ ಮಾತುಗಳದ್ದು. ಕುಡುಕನನ್ನು ಬಾಟಲಿಯ ಎದುರಿಗೇ ಬಿಟ್ಟು ಚಟ ಬಿಡಿಸಬಹುದು, ನಿಮ್ಮ ಆಸೆಯನ್ನೂ ಹಾಗೆಯೇ ಎದುರಿಸಿ ಎಂದು ಕೌಂಟೆಸ್‌ಗೆ ಹೇಳುತ್ತಾನೆ. ಅದನ್ನು ನಂಬಿಯೇ ಅವಳು ಲಿಲಿಯನ್ನು ಕರೆಸುವುದು. ಸಲಿಂಗಪ್ರೇಮವನ್ನು ಹೀಗೆ ‘ಗುಣಪಡಿಸುವ’ ಚಿಕಿತ್ಸೆ ವೃತ್ತಿಗೆ ಸಲ್ಲದ ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ಅವಳ ಸಂಕಟಕ್ಕೆ ‘ರೋಗ’ ಎಂದು ಬರೆದಿದ್ದನ್ನು ಅಳಿಸಿ ‘ಶಾಪ’ ಎಂದೇ ಇಟ್ಟೆ. ಶಾಪ ಹಾಕಿದವರು ಬೇರೆ ಯಾರೋ ಇರುತ್ತಾರೆ.

ಪ್ರದರ್ಶನ ಮುಗಿದ ಮೇಲೆ ಮಾತು 2012ರ ‘ಕಲ್ಪನಾ’ ಕಡೆ ಹೊರಳಿತು. ತಮಿಳಿನ ‘ಕಾಂಚನಾ’ದ ಕನ್ನಡ ರೂಪ ಅದು. ಅಲ್ಲಿ ಕೊಲೆಯಾದ ತೃತೀಯಲಿಂಗಿ ದೆವ್ವವಾಗಿ ಬಂದು ತನ್ನ ಕಥೆಯನ್ನು ತಾನೇ ಬಾಯಿಬಿಟ್ಟು ಹೇಳುತ್ತಾಳೆ, ಇವಳೇಕೆ ಹೇಳುವುದಿಲ್ಲ ಎಂದು ಒಬ್ಬ ಹುಡುಗ ಕೇಳಿದ. ಹೇಳಿದ್ದರೆ ಚಿತ್ರವೇ ಹೊರಬರುತ್ತಿರಲಿಲ್ಲ ಎಂದೆ. ಮೇಷ್ಟ್ರು ಈ ಸಲ ತಡವಾಗಿ ಬಾಯಿ ತೆರೆದರು. “ಅವಳಿಗೆ ಆ ಹುಡುಗಿಯ ಮೇಲೆ ಇದ್ದದ್ದು ಪ್ರೀತಿಯೋ, ಬರಿಯ ಹಸಿವೋ?”

ಎರಡಕ್ಕೂ ನಾನು ‘ಬೇಕು’ ಎಂದೇ ಬರೆದಿದ್ದೆ. ಹಾಗೆಯೇ ಬಿಟ್ಟಿದ್ದೇನೆ.