ಎಲೆ ಕಪ್ಪಾದರೆ ನಾನು ನೋಡುವುದು ಕಾಂಡವನ್ನು

ಸೀಬೆ, ನಿಂಬೆ ಗಿಡಗಳ ಎಲೆ ಮಸಿ ಬಳಿದಂತೆ ಕಪ್ಪಾದರೆ ಹೆಚ್ಚಿನವರು ಶಿಲೀಂಧ್ರನಾಶಕ ಹುಡುಕುತ್ತಾರೆ. ನಾನು ಮೊದಲು ಕಾಂಡ ನೋಡುತ್ತೇನೆ. ಇರುವೆಗಳು ಸಾಲುಗಟ್ಟಿ ಹತ್ತಿ ಇಳಿಯುತ್ತಿದ್ದರೆ ಮೇಲೆಲ್ಲೋ ಹಿಟ್ಟು ತಿಗಣೆಯೋ ಸಸ್ಯಹೇನೋ ಕೂತಿದೆ ಎಂದೇ ಲೆಕ್ಕ. ಅವು ರಸ ಹೀರಿ ಹೊರಹಾಕುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ. ಆ ಅಂಟಿನ ಮೇಲೆ ಬೆಳೆಯುವ ಬೂಷ್ಟೇ ಈ ಕಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಅಡಿಯಲ್ಲಿ ಎಲೆ ಹಸಿರಾಗಿಯೇ ಇರುತ್ತದೆ.

ಇರುವೆಗೆ ಬೇಕಾದದ್ದು ಆ ಸಿಹಿ. ಅದಕ್ಕಾಗಿ ತಿಗಣೆ ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಅಟ್ಟಿಬಿಡುತ್ತದೆ. ಇರುವೆಯ ದಾರಿ ಕಡಿಯದೆ ಎಷ್ಟು ಔಷಧಿ ಹೊಡೆದರೂ ವ್ಯರ್ಥ ಎಂಬುದು ನನ್ನ ಅಭಿಪ್ರಾಯ. ಕಾಂಡಕ್ಕೆ ನಾಲ್ಕು ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿದು ಅದರ ಮೇಲೆ ಗ್ರೀಸ್ ಬಳಿಯುತ್ತೇನೆ. ತೊಗಟೆಗೆ ನೇರವಾಗಿ ಬಳಿದರೆ ತೊಗಟೆ ಕೆಡುತ್ತದೆ. ತೊಗಟೆಯ ಬಿರುಕಿನಲ್ಲಿ ಸಂದು ಉಳಿದರೆ ಇರುವೆ ಪಟ್ಟಿಯ ಅಡಿಯಿಂದಲೇ ನುಸುಳುತ್ತದೆ, ಅಲ್ಲಿಗೆ ಹತ್ತಿ ತುರುಕಬೇಕು. ಗೋಡೆಗೋ ಬಟ್ಟೆ ಒಣಹಾಕುವ ತಂತಿಗೋ ತಾಗುವ ಒಂದು ರೆಂಬೆ ಬಿಟ್ಟರೂ ಪಟ್ಟಿ ಕಟ್ಟಿದ್ದು ದಂಡ. ಧೂಳು ಕೂತಾಗ ಗ್ರೀಸ್ ಮತ್ತೆ ಬಳಿಯಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಆಮೇಲೆ ಪೈಪಿನ ಬಾಯಿಗೆ ಬೆರಳೊತ್ತಿ ಎಲೆಯಡಿಗೆ ರಭಸವಾಗಿ ನೀರು ಹೊಡೆಯುತ್ತೇನೆ. ಅರ್ಧಕ್ಕರ್ಧ ಅದರಲ್ಲೇ ಉದುರುತ್ತವೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಜೊತೆಗೆ ಸ್ವಲ್ಪ ಸೋಪಿನ ನೀರು. ಸೋಪು ಇಲ್ಲದಿದ್ದರೆ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ತಿಗಣೆಯ ಮೇಣದ ಹೊದಿಕೆಯೂ ನೆನೆಯುವುದಿಲ್ಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಸಂಜೆಯೇ ಸರಿ. ಹತ್ತಿಯಂಥ ಚೀಲದೊಳಗಿನ ಮೊಟ್ಟೆಗಳಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿ ಹತ್ತು ದಿನ ಬಿಟ್ಟು ಇನ್ನೊಂದು ಸುತ್ತು ಹೊಡೆಯಬೇಕು.

ಆ ಎರಡನೇ ಸುತ್ತಿಗೆ ಮುಂಚೆ ರೆಂಬೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು. ಬಿಳಿ ಹಿಟ್ಟು ಮೆತ್ತಿಕೊಂಡದ್ದೆಲ್ಲ ತಿಗಣೆಯಲ್ಲ. ತಿಗಣೆಗಿಂತ ದೊಡ್ಡದಾಗಿ, ಮೇಣದ ಉದ್ದನೆಯ ಎಳೆಗಳನ್ನು ಜೋತುಬಿಟ್ಟುಕೊಂಡು ಚುರುಕಾಗಿ ಓಡಾಡುವುದು ಕಂಡರೆ ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಜಾತಿಯ ಮರಿಹುಳು, ತಿಗಣೆಯನ್ನೇ ತಿಂದು ಬದುಕುವಂಥದ್ದು. ಹಿಟ್ಟು ತಿಗಣೆಯ ಕಾಟಕ್ಕೆಂದೇ ಇದನ್ನು 1891ರಲ್ಲಿ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಒಯ್ದಿದ್ದರು. ಇಂಥ ಮರಿಹುಳುಗಳು ನಾಲ್ಕಾರು ಕಂಡ ಮರಕ್ಕೆ ನಾನು ಬೇವಿನ ಎಣ್ಣೆಯನ್ನೂ ಹೊಡೆಯುವುದಿಲ್ಲ, ಗ್ರೀಸ್ ಪಟ್ಟಿಯನ್ನಷ್ಟೇ ನೋಡಿಕೊಳ್ಳುತ್ತೇನೆ.